ಮಗಳ ಲಾಗಿನ್, ಅಪ್ಪನ ಸಿಮ್

ಅಂಜನಾದ್ರಿ ಬುಡದ ಹನುಮನಹಳ್ಳಿಯಿಂದ ಡಿಗ್ರಿಗೆ ಹೊರಟ ಹುಡುಗಿಗೆ ಕಾಲೇಜು ಗಂಗಾವತಿಯಲ್ಲಿ, ವಿಶ್ವವಿದ್ಯಾಲಯ ಕುಕನೂರು ತಾಲ್ಲೂಕಿನ ತಳಕಲ್‌ನಲ್ಲಿ. ಪ್ರವೇಶದ ಅರ್ಜಿ, ಹಾಲ್ ಟಿಕೆಟ್, ಫಲಿತಾಂಶ, ವಿದ್ಯಾರ್ಥಿವೇತನ ಮಾತ್ರ ಈ ಎರಡೂ ಊರಲ್ಲಿಲ್ಲ, ಫೋನಿನಲ್ಲಿವೆ. ಕೊಪ್ಪಳ ವಿಶ್ವವಿದ್ಯಾಲಯ ಶುರುವಾದದ್ದು 2023ರಲ್ಲಿ. ಅದಕ್ಕೂ ಮುಂಚೆ ಜಿಲ್ಲೆಯ ಕಾಲೇಜುಗಳು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅದಕ್ಕೂ ಹಿಂದೆ ಗುಲಬರ್ಗಾಕ್ಕೆ. ಅಂಕಪಟ್ಟಿಯ ಒಂದು ತಪ್ಪಕ್ಷರ ತಿದ್ದಿಸಲು ಕಲಬುರಗಿಗೆ ರಾತ್ರಿ ಬಸ್ಸು ಹತ್ತಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಈಗಿನ ಅಪ್ಪ-ಅಮ್ಮಂದಿರಿಗೆ ಆ ಬಸ್ಸು ತಪ್ಪಿದೆ, ಓಟಿಪಿ ಗಂಟುಬಿದ್ದಿದೆ.

ಮೊದಲು ಯುಯುಸಿಎಂಎಸ್. 2021ರಲ್ಲಿ ರಾಜ್ಯದ ಉನ್ನತ ಶಿಕ್ಷಣ ಇಲಾಖೆ ಜಾರಿಗೆ ತಂದ, ರಾಜ್ಯದ ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಆದ ಜಾಲತಾಣ ಇದು. ವಿದ್ಯಾರ್ಥಿ ಮೊಬೈಲ್ ನಂಬರ್ ಕೊಟ್ಟು ನೋಂದಾಯಿಸುತ್ತಾಳೆ, ಓಟಿಪಿ ಬರುತ್ತದೆ, ಲಾಗಿನ್ ಸಿಗುತ್ತದೆ. ಆಮೇಲೆ ಹೆಸರು, ಆಧಾರ್, ಜಾತಿ, ಆದಾಯ ತುಂಬಿ ಕಾಲೇಜು ಮತ್ತು ವಿಷಯ ಆರಿಸಿ ಅರ್ಜಿ ಕಳಿಸಬೇಕು. ಕಾಲೇಜಿನವರು ಮೂಲ ದಾಖಲೆ ನೋಡಿ ಒಪ್ಪಿದ ಮೇಲೆ ಶುಲ್ಕ. ಬಹಳ ಮನೆಗಳಲ್ಲಿ ಇಲ್ಲಿಗೆ ಕೆಲಸ ಮುಗಿಯಿತೆಂದು ಪಾಸ್‌ವರ್ಡ್ ಬರೆದ ಚೀಟಿ ಕಳೆದುಹೋಗುತ್ತದೆ. ಪದವಿ ಮುಗಿಯುವವರೆಗೂ ಬೇಕಾಗುವ ಲಾಗಿನ್ ಅದೇ. ಪ್ರತಿ ಸೆಮಿಸ್ಟರ್‌ಗೂ ಪರೀಕ್ಷಾ ಅರ್ಜಿಯನ್ನು ಅದರಲ್ಲೇ ಹಾಕಬೇಕು. ತರಗತಿ ಒಂದೂ ತಪ್ಪಿಸದ ಹುಡುಗಿಗೂ ಅರ್ಜಿ ಹಾಕದಿದ್ದರೆ ಹಾಲ್ ಟಿಕೆಟ್ ಬರುವುದಿಲ್ಲ. ಮರುಮೌಲ್ಯಮಾಪನಕ್ಕೆ ಕೊಡುವ ದಿನಗಳೂ ಕಡಿಮೆ.

ಪೋಷಕರಿಗೆಂದು ಇದರಲ್ಲಿ ಬೇರೆ ಲಾಗಿನ್ ಇಲ್ಲ. ನನಗಂತೂ ಅದು ಸರಿ ಅನಿಸುತ್ತದೆ. ಹದಿನೆಂಟು ತುಂಬಿದ ಮಗಳ ಅಂಕಗಳನ್ನು ಅವಳ ಬೆನ್ನ ಹಿಂದೆ ನೋಡುವುದಕ್ಕಿಂತ, ‘ಪರೀಕ್ಷಾ ಅರ್ಜಿ ಹಾಕಿದೆಯೇನವ್ವಾ, ತೋರಿಸು’ ಎಂದು ಸೆಮಿಸ್ಟರಿಗೊಮ್ಮೆ ಕೇಳಿದರೆ ಸಾಕು.

ಆದರೆ ನಂಬರ್ ಯಾರದು? ನೆಟ್ ಸೆಂಟರ್‌ನಲ್ಲಿ ಅವಸರಕ್ಕೆ ಅಂಗಡಿಯವರ ನಂಬರೋ, ಜೊತೆಗೆ ಬಂದ ಮಾವನದೋ ಹಾಕಿಸಿದ ಅರ್ಜಿಗಳು ಎಷ್ಟೋ. ಮುಂದೆ ಪಾಸ್‌ವರ್ಡ್ ಮರೆತ ದಿನ ಓಟಿಪಿ ಆ ಮಾವನ ಫೋನಿಗೆ ಹೋಗುತ್ತದೆ, ಆತ ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಹೋಗಿರುತ್ತಾನೆ. ಆಫರ್‌ಗೆ ಕೊಂಡ ಸಿಮ್ ಇನ್ನೂ ಅಪಾಯ. 90 ದಿನ ಬಳಕೆಯೇ ಇಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು, ಮುಂದೆ ಬೇರೆಯವರಿಗೂ ಕೊಡಬಹುದು. ಪದವಿ ಮುಗಿಯುವವರೆಗೆ ರೀಚಾರ್ಜ್ ಮಾಡಿಸುತ್ತೇವೆ ಎಂಬ ಖಾತ್ರಿಯಿರುವ ಒಂದೇ ನಂಬರನ್ನು ಆಧಾರ್‌ಗೂ ಬ್ಯಾಂಕಿಗೂ ಯುಯುಸಿಎಂಎಸ್‌ಗೂ ಕೊಡಿ. ಕಂಪ್ಯೂಟರ್ ಬಾರದ ಅಪ್ಪ ಮಗಳ ಓದಿಗೆ ಮಾಡಬಹುದಾದ ಅತಿ ದೊಡ್ಡ ತಾಂತ್ರಿಕ ಸಹಾಯ ಇದೇ.

ಇನ್ನು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನದ ಜಾಲತಾಣ. ಇಲ್ಲಿ ಮನೆಯವರ ಪಾಲೇ ಹೆಚ್ಚು. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ವೇತನಕ್ಕೆಲ್ಲ ಅರ್ಜಿ ಇದರಲ್ಲೇ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳ ಲೆಕ್ಕದಲ್ಲಿ ಹತ್ತು ತಿಂಗಳು ಹಣ ಕೊಡುವ ವಿದ್ಯಾಸಿರಿಗೂ ಇದರಲ್ಲೇ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಹಾಳೆ ಇದಕ್ಕೆ ಬೇಡ, ಹಾಳೆಯ ಮೇಲೆ ಆರ್‌ಡಿ ಎಂದು ಶುರುವಾಗುವ ನಂಬರ್ ಬೇಕು. ಅದನ್ನು ಹಾಕಿದೊಡನೆ ನಾಡಕಚೇರಿಯ ದಾಖಲೆಯಿಂದ ವಿವರ ತಾನಾಗಿ ಬರುತ್ತದೆ. ಆದಾಯ ಪತ್ರದ ಅವಧಿ ಐದು ವರ್ಷ. ಪಿಯುಸಿಗೆ ಮಾಡಿಸಿದ್ದು ಡಿಗ್ರಿ ಮುಗಿಯುವ ಮೊದಲೇ ಮುಗಿಯಬಹುದು, ಜೂನ್‌ಗೆ ಮೊದಲೇ ತಾರೀಖು ನೋಡಿಕೊಳ್ಳಿ. ಅಂಕಪಟ್ಟಿ, ಶುಲ್ಕದ ರಸೀದಿಯಂಥವನ್ನು ಇ-ದೃಢೀಕರಣ ಮಾಡಿಸಬೇಕು. ಅಪ್‌ಲೋಡ್ ಮಾಡಿ, ಮೂಲ ಪ್ರತಿಯನ್ನು ನಿಗದಿತ ಅಧಿಕಾರಿಗೆ ತೋರಿಸಿದರೆ ಒಂದು ಸಂಖ್ಯೆ ಸಿಗುತ್ತದೆ, ಅರ್ಜಿಗೆ ಅದೇ ಸಾಕು. ಹೊಲವಿದ್ದವರು ಕೃಷಿ ಇಲಾಖೆಯ ಫ್ರೂಟ್ಸ್ ಸಂಖ್ಯೆಯನ್ನೂ ಹುಡುಕಿಟ್ಟುಕೊಳ್ಳಿ. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ರೈತರ ಮಕ್ಕಳನ್ನು ಗುರುತಿಸಿದ್ದು ಅಪ್ಪನದೋ ಅಮ್ಮನದೋ ಆ ಸಂಖ್ಯೆಯಿಂದ. ಬಿಎ, ಬಿಕಾಂ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ಎಂದು ನಿಗದಿಯಾಗಿತ್ತು.

ಅರ್ಜಿ ತೊಡರುವುದು ಹೆಚ್ಚಾಗಿ ಹೆಸರಿನಲ್ಲಿ. ಹುಡುಗನೊಬ್ಬ ಎಸ್ಸೆಸ್ಸೆಲ್ಸಿಯಲ್ಲಿ ಹನುಮಂತಪ್ಪ, ಆಧಾರ್‌ನಲ್ಲಿ ಹನುಮಪ್ಪ, ಪಾಸ್‌ಬುಕ್‌ನಲ್ಲಿ ಹನಮಪ್ಪ. ಊರಿಗೆಲ್ಲ ಒಬ್ಬನೇ ಆದವನು ಕಂಪ್ಯೂಟರಿಗೆ ಮೂವರು. ಮೂರರಲ್ಲಿ ಎಸ್ಸೆಸ್ಸೆಲ್ಸಿಯದ್ದೇ ತಿದ್ದಲು ಕಠಿಣ, ಹಾಗಾಗಿ ಅದನ್ನು ಹಾಗೇ ಬಿಟ್ಟು ಆಧಾರ್ ಮತ್ತು ಬ್ಯಾಂಕನ್ನು ಅದಕ್ಕೆ ಹೊಂದಿಸುವುದು ಲೇಸು. ಇದಕ್ಕೆ ವಾರಗಳು ಹಿಡಿಯುತ್ತವೆ, ಕೊನೆ ದಿನಾಂಕ ಹತ್ತಿರ ಬಂದಾಗ ಆಗುವ ಕೆಲಸವಲ್ಲ.

ಮಂಜೂರಾದ ಮೇಲೂ ದುಡ್ಡು ಬಾರದೆ ಅಲೆಯುವವರದೇ ಇನ್ನೊಂದು ಕಥೆ. ‘ಆಧಾರ್ ಲಿಂಕ್ ಆಗಿದೆ ಅಂತ ಬ್ಯಾಂಕಿನವರು ಹೇಳ್ಯಾರ’ ಎಂಬ ಮಾತಿನಲ್ಲಿ ಎರಡು ಬೇರೆ ಸಂಗತಿ ಕಲೆತಿವೆ. ಖಾತೆಗೆ ಆಧಾರ್ ನಂಬರ್ ಕೊಡುವುದು ಒಂದು. ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ಎನ್‌ಪಿಸಿಐ, ಅಂದರೆ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ದಾಖಲಾಗುವುದು ಇನ್ನೊಂದು. ವಿದ್ಯಾರ್ಥಿವೇತನಕ್ಕೆ ಬೇಕಾದ್ದು ಎರಡನೆಯದು. ಆ ಪಟ್ಟಿಯಲ್ಲಿ ಒಬ್ಬರಿಗೆ ಒಂದೇ ಬ್ಯಾಂಕು, ಅದೂ ಕೊನೆಗೆ ಜೋಡಿಸಿದ್ದು. ಅಂಚೆಯವನು ಕೊನೆಗೆ ಬರೆಸಿದ ವಿಳಾಸಕ್ಕೆ ಪತ್ರ ಹಾಕಿದಂತೆ, ಹಣ ಕೊನೆಯ ಬ್ಯಾಂಕಿಗೇ ಹೋಗುತ್ತದೆ. ಅದು ಯಾವುದೆಂದು ಮೈಆಧಾರ್ ಜಾಲತಾಣದಲ್ಲಿ ನೋಡಬಹುದು. ಹಣ ಯಾವಾಗ, ಯಾವ ಖಾತೆಗೆ ಬಿತ್ತೆಂದು ಡಿಬಿಟಿ ಕರ್ನಾಟಕ ಆ್ಯಪ್ ತೋರಿಸುತ್ತದೆ. ಜೋಡಣೆಯಾಗಬೇಕಾದ್ದು ಮಗಳ ಆಧಾರ್, ಮಗಳ ಖಾತೆ. ಅಪ್ಪನ ಪಾಸ್‌ಬುಕ್ ಹಿಡಿದು ಕ್ಯೂ ನಿಂತರೆ ಫಲವಿಲ್ಲ.

ಸಿಇಟಿ ಬರೆದು ಎಂಜಿನಿಯರಿಂಗ್, ಕೃಷಿ, ವೈದ್ಯಕೀಯದ ಕಡೆ ಹೊರಟವರಿಗೆ 371(ಜೆ) ಅರ್ಹತಾ ಪತ್ರವೂ ಬೇಕು. 2012ರ 98ನೇ ತಿದ್ದುಪಡಿಯಿಂದ ಕಲ್ಯಾಣ ಕರ್ನಾಟಕಕ್ಕೆ ದಕ್ಕಿದ ಮೀಸಲಾತಿ ಇದು. ಈ ಭಾಗದ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು. ಪತ್ರ ಕೊಡುವವರು ಉಪವಿಭಾಗಾಧಿಕಾರಿ.

ಡಿಜಿಲಾಕರ್ ಒಂದನ್ನು ಮಗಳೇ ತೆರೆಯಲಿ, ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಅದರಲ್ಲಿ ಸಿಗುತ್ತವೆ. ಓದಿನ ಕ್ರೆಡಿಟ್‌ಗಳನ್ನು ಕೂಡಿಡಲು 2021ರಲ್ಲಿ ಶುರುವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ 12 ಅಂಕೆಯ ಐಡಿಯನ್ನು ಕಾಲೇಜು ಕೇಳಿದಾಗ ಅದೂ ಇಲ್ಲಿಂದಲೇ.

ಲ್ಯಾಪ್‌ಟಾಪ್ ಕೊಡಿಸಲೇಬೇಕೇ? ಬಿಎ, ಬಿಕಾಂಗೆ ಮೊದಲ ವರ್ಷವೇ ಸಾಲ ಮಾಡಿ ಕೊಡಿಸುವ ಅಗತ್ಯ ನನಗೆ ಕಾಣುವುದಿಲ್ಲ, ಬಿಸಿಎ ಆದರೆ ಮಾತು ಬೇರೆ. ಕಾಲೇಜು ಇನ್‌ಫ್ಲಿಬ್‌ನೆಟ್‌ ಕೇಂದ್ರದ ಎನ್-ಲಿಸ್ಟ್ ಎಂಬ ಇ-ಗ್ರಂಥಾಲಯ ಸೇವೆಯ ಸದಸ್ಯತ್ವ ಪಡೆದಿದ್ದರೆ ಗ್ರಂಥಪಾಲಕರು ವಿದ್ಯಾರ್ಥಿಗೆ ಲಾಗಿನ್ ಕೊಡುತ್ತಾರೆ, ಇ-ಪುಸ್ತಕ ಮತ್ತು ಸಂಶೋಧನಾ ಪತ್ರಿಕೆಗಳು ಪುಕ್ಕಟೆ. ಕೇಳುವವರು ಕಡಿಮೆ, ಕೇಳಿಸಿ. ಐಐಟಿ ಖರಗ್‌ಪುರದವರು ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯಕ್ಕೆ ಯಾರ ಅಪ್ಪಣೆಯೂ ಬೇಡ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆಯೇ ಎಂದೂ ವಿಚಾರಿಸಿ.

ರ‍್ಯಾಗಿಂಗ್ ವಿರುದ್ಧದ ಮುಚ್ಚಳಿಕೆಯನ್ನು ಯುಜಿಸಿಯ 2009ರ ನಿಯಮದಂತೆ ವಿದ್ಯಾರ್ಥಿಯಷ್ಟೇ ಅಲ್ಲದೆ ಪೋಷಕರೂ ಕೊಡಬೇಕು. ಸಹಾಯವಾಣಿ 1800-180-5522 ಹಗಲೂ ರಾತ್ರಿ ಇರುತ್ತದೆ, ಅದು ನಿಮ್ಮ ಫೋನಿನಲ್ಲೂ ಇರಲಿ. ‘ಸ್ಕಾಲರ್‌ಶಿಪ್ ಮಂಜೂರಾಗಿದೆ, ಓಟಿಪಿ ಹೇಳಿ’ ಎಂದು ಕರೆ ಬಂದರೆ ಅದು ಇಲಾಖೆಯದಲ್ಲ. ಬಾಯಿತಪ್ಪಿ ಹೇಳಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಇನ್ನು ನೆಟ್ ಸೆಂಟರ್‌ನಲ್ಲಿ ಅರ್ಜಿ ಹಾಕಿಸಿದ ದಿನ ಲಾಗೌಟ್ ಆಗಿದೆಯೇ ನೋಡಿ, ಅಲ್ಲಿ ಸ್ಕ್ಯಾನ್ ಮಾಡಿದ ಆಧಾರ್ ಮತ್ತು ಅಂಕಪಟ್ಟಿಯ ಫೈಲುಗಳನ್ನು ನಿಮ್ಮೆದುರೇ ಅಳಿಸಿಸಿ, ಆಮೇಲೆ ದುಡ್ಡು ಕೊಡಿ.