ಶಬ್ದವೂ ಅಳತೆ ತಪ್ಪಿಸುತ್ತದೆ

ಪ್ರಥಮ ಪಿಯುಸಿಯಲ್ಲಿ ಬರ್ನೌಲಿಯ ತತ್ತ್ವವನ್ನೂ ಶಬ್ದದ ಅಲೆಗಳನ್ನೂ ನಾನು ಎರಡು ಬೇರೆ ಪಾಠಗಳಾಗಿ ಓದಿದ್ದೆ. ಅನಿಲದ ಮೀಟರ್‌ಗಳ ಬಗ್ಗೆ ಓದಿದ ಮೇಲೆಯೇ ಅವೆರಡೂ ಒಂದೇ ಕೊಳವೆಯಲ್ಲಿ ಸೇರುತ್ತವೆ ಎಂದು ತಿಳಿದದ್ದು.

ಕೊಚ್ಚಿಯಿಂದ ಮಂಗಳೂರಿಗೆ ಬರುವ ಸುಮಾರು 450 ಕಿ.ಮೀ. ಉದ್ದದ ನೈಸರ್ಗಿಕ ಅನಿಲದ ಕೊಳವೆಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಇಂತಹ ಕೊಳವೆಗಳ ಅನಿಲವನ್ನು ಅಳೆದು ಮಾರುತ್ತಾರೆ. ಮೀಟರ್ ತಪ್ಪಿದರೆ ಕೊಂಡವರಿಗೋ ಮಾರಿದವರಿಗೋ ನಷ್ಟ ತಪ್ಪಿದ್ದಲ್ಲ.

ಬಹಳ ಕಾಲದಿಂದ ಬಳಕೆಯಲ್ಲಿರುವ ಸರಳ ಮೀಟರ್ ಎಂದರೆ ಆರಿಫಿಸ್ ಮೀಟರ್. ಇದು ಕೊಳವೆಗೆ ಅಡ್ಡಲಾಗಿ ಕೂರಿಸಿದ, ನಡುವೆ ರಂಧ್ರವಿರುವ ಲೋಹದ ತಟ್ಟೆ. ರಂಧ್ರದಲ್ಲಿ ಅನಿಲದ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ತಟ್ಟೆಯ ಎರಡು ಬದಿಗಳ ಒತ್ತಡದ ವ್ಯತ್ಯಾಸ ಅಳೆದು, ಅದರ ವರ್ಗಮೂಲದಿಂದ ಹರಿವನ್ನು ಲೆಕ್ಕ ಹಾಕುತ್ತಾರೆ.

ತೊಂದರೆ ಆ ವರ್ಗಮೂಲದಲ್ಲೇ ಇದೆ. ಪಿಸ್ಟನ್ ಕಂಪ್ರೆಸರ್ ಅನಿಲವನ್ನು ಒಂದೇ ಸಮನೆ ತಳ್ಳದೆ ಬಡಿತ ಬಡಿತವಾಗಿ ತಳ್ಳುತ್ತದೆ. ಆ ಬಡಿತಗಳು ಶಬ್ದದ ಅಲೆಗಳಾಗಿ ಕೊಳವೆಯುದ್ದಕ್ಕೂ ಸಾಗುತ್ತವೆ. ಹರಿವು ಅರ್ಧ ಸಮಯ 1, ಉಳಿದರ್ಧ 3 ಎಂದಿಟ್ಟುಕೊಳ್ಳಿ. ನಿಜವಾದ ಸರಾಸರಿ 2. ಒತ್ತಡದ ವ್ಯತ್ಯಾಸಗಳು 1 ಮತ್ತು 9. ನಿಧಾನವಾದ ಉಪಕರಣ ಅವುಗಳ ಸರಾಸರಿ 5ನ್ನು ಮಾತ್ರ ತೋರಿಸುತ್ತದೆ. ಅದರ ವರ್ಗಮೂಲ ಸುಮಾರು 2.24. ಅಂದರೆ ಬಿಲ್ಲಿನಲ್ಲಿ ಶೇ. 12ರಷ್ಟು ಹೆಚ್ಚು! ಮುಳ್ಳು ಅಲುಗಾಡದೆ ನಿಂತಿರುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಂಪ್ರೆಸರ್ ಇಲ್ಲದೆಯೂ ಹೀಗಾಗಬಹುದು. ಖಾಲಿ ಬಾಟಲಿಯ ಬಾಯಿಯ ಮೇಲೆ ಊದಿದರೆ ಸದ್ದು ಬರುತ್ತದಲ್ಲವೇ? ತುದಿ ಮುಚ್ಚಿದ ಕವಲು ಕೊಳವೆಯ ಬಾಯಿಯ ಮುಂದೆ ಅನಿಲ ಹರಿದಾಗಲೂ ಅದೇ ನಡೆಯುತ್ತದೆ. ನೈಸರ್ಗಿಕ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 400 ಮೀಟರ್. ಕವಲು 1 ಮೀಟರ್ ಇದ್ದರೆ ಅಲೆಯುದ್ದ 4 ಮೀಟರ್, ಆವೃತ್ತಿ 100 ಹರ್ಟ್ಸ್. ನಮ್ಮ ಲ್ಯಾಬಿನ ಅನುರಣನ ಕೊಳವೆಯ ಪ್ರಯೋಗದ ಲೆಕ್ಕವೇ ಇದು.

ಶ್ರವಣಾತೀತ ಶಬ್ದದಿಂದ ಅಳೆಯುವ ಹೊಸ ಮೀಟರ್‌ಗಳಿಗೆ ಬೇರೆಯದೇ ಕಾಟ. ಹತ್ತಿರದ ವಾಲ್ವ್‌ನ ಗದ್ದಲದಲ್ಲೂ ಅಂತಹ ಶಬ್ದವಿರುವುದರಿಂದ ಮೀಟರ್‌ನ ಸಂಕೇತ ಅದರಲ್ಲಿ ಮುಳುಗಿಹೋಗಬಹುದು.

ಪರಿಹಾರವೆಂದರೆ ಬಡಿತವನ್ನೇ ತಗ್ಗಿಸುವುದು. ಕಂಪ್ರೆಸರ್ ಮತ್ತು ಮೀಟರ್ ನಡುವೆ ಎರಡು ದೊಡ್ಡ ಪಾತ್ರೆಗಳನ್ನು ಕಿರಿದಾದ ಕೊಳವೆಯಿಂದ ಜೋಡಿಸಿ ಇಡುತ್ತಾರೆ. ಅಲೆ ಅಲ್ಲೇ ಬಹುಪಾಲು ಅಡಗುತ್ತದೆ.

ಈಗ 1 ಮತ್ತು 3ರ ಬದಲು 1.9 ಮತ್ತು 2.1 ಹಾಕಿ ನೀವೇ ಲೆಕ್ಕ ಮಾಡಿ. ತಪ್ಪು ಶೇ. 0.12ರ ಆಸುಪಾಸಿಗೆ ಇಳಿಯುತ್ತದೆ. ಸರಾಸರಿಯ ವರ್ಗಮೂಲವೂ ವರ್ಗಮೂಲಗಳ ಸರಾಸರಿಯೂ ಒಂದೇ ಅಲ್ಲ ಎಂಬುದನ್ನು ನಾನಂತೂ ಇನ್ನು ಮರೆಯಲಾರೆ.