ಗಾಳದ ತುದಿಯಲ್ಲಿ ಗಣಿತ

ಪುನರುತ್ಥಾನದ ಬಳಿಕ ಪ್ರಭು ಯೇಸು ತಿಬೇರಿಯ ಸರೋವರದ ದಡದಲ್ಲಿ ಶಿಷ್ಯರಿಗೆ ಕಾಣಿಸಿಕೊಂಡ ಪ್ರಸಂಗ ನಮಗೆಲ್ಲರಿಗೂ ಚಿರಪರಿಚಿತ. ಪೇತ್ರನು ದಡಕ್ಕೆಳೆದ ಬಲೆಯಲ್ಲಿ 153 ದೊಡ್ಡ ಮೀನುಗಳಿದ್ದವೆಂದು ಸಂತ ಯೊವಾನ್ನರ ಶುಭಸಂದೇಶ ಹೇಳುತ್ತದೆ. ಅಂತಹ ಅದ್ಭುತದ ನಡುವೆಯೂ ಯಾರೋ ಕುಳಿತು ಮೀನುಗಳನ್ನು ಎಣಿಸಿದ್ದಾರೆ! ಮೀನುಗಾರರಿಗೆ ಎಣಿಕೆ ಅಷ್ಟು ಸಹಜ. 1ರಿಂದ 17ರವರೆಗಿನ ಸಂಖ್ಯೆಗಳನ್ನು ಕೂಡಿದರೆ ಇದೇ 153 ಬರುತ್ತದೆಂಬುದನ್ನು ಸಂತ ಅಗಸ್ಟೀನರು ಗುರುತಿಸಿದ್ದರು.

ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಗಣಿತವೆಂದರೆ ಮಕ್ಕಳ ಕಣ್ಣೀರು. ನಮ್ಮ ಮಗನ ಪಾಡೂ ಬೇರೆಯಾಗಿರಲಿಲ್ಲ. ನಾಲ್ಕನೆಯ ತರಗತಿಯಲ್ಲಿದ್ದಾಗ ಭಾಗಾಕಾರವನ್ನು ಕಂಡರೆ ಅವನ ಮುಖ ಬಾಡುತ್ತಿತ್ತು. ಒಂದು ಸಂಜೆ ಸಹನೆ ಕಳೆದುಕೊಂಡ ನಾವು 'ದಡ್ಡ' ಎಂದು ಗದರಿ ಕೈಯೆತ್ತಿದೆವು. ಅಂದಿನಿಂದ ಅವನು ನಮ್ಮೆದುರು ಲೆಕ್ಕದ ಪುಸ್ತಕ ತೆರೆಯುವುದನ್ನೇ ಬಿಟ್ಟನು.

ಇದನ್ನು ಗಮನಿಸಿದವರು ನಮ್ಮ ತಂದೆಯವರು. ದಸರಾ ರಜೆಯ ಒಂದು ಭಾನುವಾರ, ಬಲಿಪೂಜೆ ಮುಗಿಸಿ ಬಂದವರೇ ಮೊಮ್ಮಗನನ್ನೂ ನೆರೆಮನೆಯ ಮೂವರು ಹುಡುಗರನ್ನೂ ಕರೆದುಕೊಂಡು ಹೊಳೆಯತ್ತ ಹೊರಟರು. ನಾವೂ ಹಿಂಬಾಲಿಸಿದೆವು.

"ನಾಲ್ಕು ಗಾಳ. ಒಂದೊಂದಕ್ಕೆ ಆರು ಸಿಗಡಿ. ಒಟ್ಟು ಎಷ್ಟು ಬೇಕು ಮಗಾ?"

ಹುಡುಗ ಗೆರಟೆಯೊಳಗೆ ಎಣಿಸಿ ಹಾಕುತ್ತಾ, "ಇಪ್ಪತ್ತನಾಲ್ಕು ಅಜ್ಜ" ಎಂದನು. ಏಡಿಗಳು ಐದನ್ನು ಕದ್ದವು. "ಇನ್ನು ಹತ್ತೊಂಬತ್ತೇ ಇರುವುದು" ಎಂದು ಅವನೇ ಎಚ್ಚರಿಸಿದನು. ಮಧ್ಯಾಹ್ನದ ಹೊತ್ತಿಗೆ ಸಿಕ್ಕ ಮೀನು 17. ತೀರಾ ಸಣ್ಣವೆಂದು ಅಜ್ಜ ಮೂರನ್ನು ನೀರಿಗೆ ಬಿಡಿಸಿದರು. ಉಳಿದ 14ನ್ನು ನಾಲ್ವರಿಗೆ ಹಂಚುವ ಹೊಣೆ ನಮ್ಮ ಮಗನದಾಯಿತು. ತಲಾ ಮೂರು ಸಂದವು, ಎರಡು ಉಳಿದವು.

"ಇವನ್ನೇನು ಮಾಡುವುದು?" ಎಂದು ಅಜ್ಜ ಕೇಳಿದರು.

"ಕೆಳಮನೆಯ ಅಜ್ಜಿ ಒಬ್ಬರೇ ಇದ್ದಾರಲ್ಲ, ಅವರಿಗೆ ಕೊಡುವ."

"ಇದನ್ನೇ ನಿನ್ನ ಪುಸ್ತಕದಲ್ಲಿ ಶೇಷ ಎನ್ನುವುದು, ಮಗಾ."

ಆ ರಾತ್ರಿ ಹುಡುಗ ತಾನಾಗಿಯೇ ಪುಸ್ತಕ ತೆರೆದನು. ನಾವು ಪಕ್ಕದಲ್ಲಿ ಕುಳಿತು, ಅಂದಿನ ತಪ್ಪಿಗೆ ಅವನಲ್ಲಿ ಕ್ಷಮೆ ಕೇಳಿದೆವು. ಅಂಕಗಳು ಒಮ್ಮೆಲೇ ಏರಲಿಲ್ಲ. ಆದರೆ ಭಯ ತೊಲಗಿತು.

ಇದು ನಮ್ಮೊಬ್ಬರ ಅನುಭವವಷ್ಟೇ ಅಲ್ಲ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಮಕ್ಕಳ ಬಗ್ಗೆ 1985ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98ರಷ್ಟನ್ನು ಸರಿಯಾಗಿ ಬಿಡಿಸಿದ ಆ ಮಕ್ಕಳು, ಅಂತಹವೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿ ಮಾಡಿದ್ದು ನೂರಕ್ಕೆ 37ರಷ್ಟನ್ನು ಮಾತ್ರ. ಬುದ್ಧಿಯ ಕೊರತೆ ಅಲ್ಲಿರಲಿಲ್ಲ. ಅಂಕಿಗಳಿಗೂ ಬದುಕಿಗೂ ನಂಟು ಕಡಿದುಹೋಗಿತ್ತು.

ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಹೊಳೆ ಹತ್ತಿರವಿದ್ದರೆ ನೀರು ಇಳಿದ ದಿನಗಳಲ್ಲಿ, ಹಿರಿಯರು ಜೊತೆಗಿದ್ದು ಮಕ್ಕಳನ್ನು ಕರೆದೊಯ್ಯಿರಿ. ಹೊಳೆಯಿಲ್ಲದಿದ್ದರೆ ಮೀನು ಮಾರುಕಟ್ಟೆಯಾದರೂ ಇದೆ. ನೂರು ರೂಪಾಯಿಗೆ ಐದು ಬಂಗುಡೆಯಾದರೆ ಒಂದಕ್ಕೆಷ್ಟು? ಒಂದು ಕಿಲೋ ಮೀನು ಶುಚಿ ಮಾಡಿದ ಮೇಲೆ 700 ಗ್ರಾಂ ಆದರೆ ಹೋದದ್ದೆಷ್ಟು? ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆಯೆಂದರೆ ಒಟ್ಟು ಎಷ್ಟು ದಿನ? ಉತ್ತರ ತಡವಾದರೆ ಕಾಯಿರಿ. ಗಾಳ ಹಾಕಿದವನಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಗುವಿನ ಪಕ್ಕದಲ್ಲಿ ಕುಳಿತ ನಮಗೂ ಆ ತಾಳ್ಮೆ ಬರಲಿ.