ದೊರೆಗೆ ಕೋರೆಹಲ್ಲು ಬಂದ ಬಗೆ

1913ರ ಜುಲೈ 7ರಂದು ಲಂಡನ್ನಿನ ಸಾಥಬೀಸ್ ಹರಾಜಿನಲ್ಲಿ ಒಂದು ಕಟ್ಟು ಕಾಗದ 2 ಪೌಂಡ್ 2 ಶಿಲ್ಲಿಂಗಿಗೆ ಬಿಕರಿಯಾಯಿತು. ಹಿಂದಿನ ವರ್ಷ ತೀರಿಕೊಂಡಿದ್ದ ಬ್ರಾಮ್ ಸ್ಟೋಕರ್ ಎಂಬ ನಾಟಕಶಾಲೆಯ ಮ್ಯಾನೇಜರನ ಟಿಪ್ಪಣಿಗಳು ಅವು. ಹರಾಜಿಗೆ ಇಟ್ಟವಳು ಅವನ ಹೆಂಡತಿ ಫ್ಲಾರೆನ್ಸ್. ಕೈಯಿಂದ ಕೈಗೆ ದಾಟುತ್ತ ಅಮೆರಿಕ ಮುಟ್ಟಿದ ಆ ಕಟ್ಟು 1970ರಲ್ಲಿ ಫಿಲಡೆಲ್ಫಿಯಾದ ರೋಸೆನ್‌ಬಾಕ್ ಸಂಗ್ರಹಾಲಯ ಸೇರಿತು. ಇತಿಹಾಸಕಾರರಾದ ರೇಮಂಡ್ ಮೆಕ್‌ನ್ಯಾಲಿ, ರಾಡು ಫ್ಲೊರೆಸ್ಕು ಅದನ್ನು ನೋಡಿ ಲೋಕಕ್ಕೆ ಸುದ್ದಿ ಮುಟ್ಟಿಸಿದ ಮೇಲೆ, ಜಗತ್ತಿಗೆಲ್ಲ ಗೊತ್ತಿದ್ದ ರಕ್ತಪಿಶಾಚಿಯೊಂದರ ಜಾತಕವೇ ಸಿಕ್ಕಂತಾಯಿತು. ಪಾತ್ರಗಳ ಪಟ್ಟಿಯಲ್ಲಿ ಮೊದಲು ಬರೆದಿದ್ದ ಹೆಸರು 'ಕೌಂಟ್ ವ್ಯಾಂಪೈರ್'. ಅದನ್ನು ಹೊಡೆದುಹಾಕಿ ಅದೇ ಕೈ 'ಡ್ರಾಕುಲಾ' ಎಂದು ತಿದ್ದಿತ್ತು.

ತಿದ್ದುಪಡಿಗೆ ಕಾರಣವೂ ಆ ಹಾಳೆಗಳಲ್ಲೇ ಇತ್ತು. 1890ರ ಬೇಸಿಗೆಯಲ್ಲಿ ಸ್ಟೋಕರ್ ಇಂಗ್ಲೆಂಡಿನ ವಿಟ್‌ಬಿ ಎಂಬ ಕಡಲತೀರದ ಊರಿಗೆ ರಜೆಗೆ ಹೋಗಿದ್ದ. ಅಲ್ಲಿಯ ಗ್ರಂಥಾಲಯದಲ್ಲಿ ವಿಲಿಯಂ ವಿಲ್ಕಿನ್‌ಸನ್ 1820ರಲ್ಲಿ ಬರೆದ ವಲಾಕಿಯಾ, ಮೊಲ್ಡೇವಿಯಾ ಸೀಮೆಗಳ ಪುಸ್ತಕ ತೆಗೆಸಿ ಓದಿದ. ತುರ್ಕರ ಮೇಲೆ ದಂಡೆತ್ತಿ ಹೋದ ಡ್ರಾಕುಲಾ ಎಂಬ ಪಾಳೆಯಗಾರನ ಹೆಸರು ಅಲ್ಲಿತ್ತು. ಸೈತಾನನಿಗೆ ಆ ಸೀಮೆಯವರು ಹಾಗೆನ್ನುತ್ತಾರೆ ಎಂದು ಅಡಿಟಿಪ್ಪಣಿಯೂ ಇತ್ತು. ಸ್ಟೋಕರ್ ಪುಸ್ತಕದ ಕಪಾಟು ಸಂಖ್ಯೆಯನ್ನೂ ಬಿಡದೆ ಬರೆದುಕೊಂಡ: 0.1097. ಲೆಕ್ಕಪತ್ರ ನೋಡಿಕೊಳ್ಳುವವನ ಶಿಸ್ತು. ಡ್ರಾಕುಲಾ ಎಂಬ ಹೆಸರಿದ್ದ ಕ್ರೂರಿ ದೊರೆ ವ್ಲಾಡನ ಚರಿತ್ರೆಯನ್ನೆಲ್ಲ ಅರೆದು ಕುಡಿದು ಅವನು 'ಡ್ರಾಕುಲಾ' ಕಾದಂಬರಿ ಬರೆದ ಎಂದು ನಂಬಿದವರಿಗೆ ನಿರಾಸೆಯಾಯಿತು. ಟಿಪ್ಪಣಿಗಳಲ್ಲಿ ವ್ಲಾಡ್ ಎಂಬ ಹೆಸರೇ ಇಲ್ಲ.

ಹೆಸರು ಹೀಗೆ ಸಿಕ್ಕಿತು ಸರಿ, ಆದರೆ ಪದವಿ? ಹೆಸರು ಸಿಗುವ ಮುಂಚೆಯೇ ಅವನು 'ಕೌಂಟ್' ಆಗಿದ್ದ. ರಕ್ತ ಕುಡಿಯುವ ಹೆಣಕ್ಕೆ ಅರಮನೆ, ಆಳುಕಾಳು, ಮನೆತನದ ಠೀವಿ ಎಲ್ಲಿಂದ ಬಂತು?

ಹಳ್ಳಿಯ ಕತೆಗಳಿಂದಂತೂ ಅಲ್ಲ. 1732ರಲ್ಲಿ ಆಸ್ಟ್ರಿಯಾದ ಸೇನೆಯ ವೈದ್ಯ ಫ್ಲೂಕಿಂಗರ್ ಸರ್ಬಿಯಾದ ಒಂದು ಹಳ್ಳಿಯಲ್ಲಿ ಗೋರಿಗಳನ್ನು ಅಗೆಸಿ ಸರ್ಕಾರಕ್ಕೆ ವರದಿ ಕೊಟ್ಟ. ಊರವರು ಬೆಟ್ಟು ಮಾಡಿದ ಪಿಶಾಚಿ ಅರ್ನಾಲ್ಡ್ ಪಾವೊಲೆ, ಹುಲ್ಲಿನ ಗಾಡಿಯಿಂದ ಬಿದ್ದು ಸತ್ತವನು. ಅವನ ಕಾಟಕ್ಕೆ ಸಿಕ್ಕವರೂ ಅವನಂಥವರೇ, ಅಕ್ಕಪಕ್ಕದವರು. ಇಂಥ ವರದಿಗಳ ಮೂಲಕವೇ ಇಂಗ್ಲೆಂಡಿನ ಪತ್ರಿಕೆಗಳಿಗೆ 'ವ್ಯಾಂಪೈರ್' ಪರಿಚಯವಾದದ್ದು. ಅಲ್ಲಿಯವರೆಗೂ ಅದು ಊದಿಕೊಂಡ ಬಡವನ ಹೆಣ.

ಆ ಹೆಣಕ್ಕೆ ಕೋಟು ತೊಡಿಸಿದವನು ಜಾನ್ ಪಾಲಿಡೊರಿ. 19ಕ್ಕೇ ಎಡಿನ್‌ಬರೊದಲ್ಲಿ ವೈದ್ಯ ಪದವಿ ಪಡೆದಿದ್ದ ಹುಡುಗ, 1816ರಲ್ಲಿ ಲಾರ್ಡ್ ಬೈರನ್ನನ ಖಾಸಗಿ ವೈದ್ಯನಾಗಿ ಯೂರೋಪು ಸುತ್ತಲು ಹೊರಟ. ಹಿಂದಿನ ವರ್ಷ ಸಿಡಿದಿದ್ದ ಇಂಡೊನೇಷ್ಯಾದ ತಾಂಬೊರಾ ಜ್ವಾಲಾಮುಖಿಯ ಹೊಗೆದೂಳಿನಿಂದಾಗಿ ಆ ಬೇಸಿಗೆ ಬೇಸಿಗೆಯಾಗಿರಲಿಲ್ಲ. ಜಿನೀವಾ ಸರೋವರದ ದಡದ ಮನೆಯಲ್ಲಿ ಮಳೆಗೆ ಸಿಕ್ಕಿಬಿದ್ದವರು ತಲೆಗೊಂದು ದೆವ್ವದ ಕತೆ ಬರೆಯಬೇಕೆಂದು ಬೈರನ್ ಹೇಳಿದ. ಅಲ್ಲಿದ್ದ ಮೇರಿ ಶೆಲ್ಲಿ 'ಫ್ರಾಂಕೆನ್‌ಸ್ಟೈನ್' ಶುರುಮಾಡಿದಳು. ಬೈರನ್ ನಾಲ್ಕಾರು ಪುಟ ಬರೆದು ಕೈಬಿಟ್ಟ. ಸಂಬಳದ ವೈದ್ಯ ಆ ತುಣುಕನ್ನು ಎತ್ತಿಕೊಂಡು 'ದಿ ವ್ಯಾಂಪೈರ್' ಬರೆದ.

ಅವನ ಪಿಶಾಚಿ ಲಾರ್ಡ್ ರುತ್‌ವೆನ್. ಬಿಳಿಚಿದ ಮುಖ, ತಣ್ಣನೆಯ ನೋಟ, ಲಂಡನ್ನಿನ ಪ್ರತಿ ಔತಣಕ್ಕೂ ಕರೆ. ಅವನ ಸಹವಾಸಕ್ಕೆ ಬಿದ್ದವರು ಮಾತ್ರ ಹಾಳು. ಆ ಹೆಸರೂ ಸುಮ್ಮನೆ ಬಂದದ್ದಲ್ಲ. ಬೈರನ್ನನ ಮಾಜಿ ಪ್ರೇಯಸಿ ಕ್ಯಾರೊಲಿನ್ ಲ್ಯಾಂಬ್ ಅದೇ ವರ್ಷ ಬರೆದ ಕಾದಂಬರಿಯಲ್ಲಿ ಅವನನ್ನು ಅಣಕಿಸಲು ಬಳಸಿದ್ದ ಹೆಸರದು. ಪಾಲಿಡೊರಿ ಕೆಲಸ ಕಳೆದುಕೊಂಡ. 1819ರ ಏಪ್ರಿಲ್‌ನಲ್ಲಿ ಕತೆ ಅಚ್ಚಾದಾಗ ಪತ್ರಿಕೆ ಅದನ್ನು ಬೈರನ್ನನದೆಂದೇ ಪ್ರಕಟಿಸಿತು! ಇಬ್ಬರೂ ಅಲ್ಲಗಳೆದರೂ ಕತೆ ಓಡಿದ್ದು ಲಾರ್ಡನ ಹೆಸರಿನ ಮೇಲೆ. ಧಣಿ ತನ್ನ ಜೀವ ಹೀರುತ್ತಾನೆಂದು ಬರೆದವನ ಕತೆಯನ್ನೂ ಧಣಿಯ ಹೆಸರೇ ನುಂಗಿತು. ಪಾಲಿಡೊರಿ 1821ರಲ್ಲಿ, 25ರ ಹರೆಯದಲ್ಲೇ ಸತ್ತ.

ಈಗ ಸ್ಟೋಕರನನ್ನು ಅವನ ಪಕ್ಕದಲ್ಲಿ ನಿಲ್ಲಿಸಿ. 1878ರಿಂದ 27 ವರ್ಷ ಲಂಡನ್ನಿನ ಲೈಸಿಯಂ ನಾಟಕಶಾಲೆಯಲ್ಲಿ ಮಹಾನಟ ಹೆನ್ರಿ ಇರ್ವಿಂಗನ ಪತ್ರ, ಲೆಕ್ಕ, ಪ್ರವಾಸ, ಮುನಿಸು ಎಲ್ಲವನ್ನೂ ಸಂಭಾಳಿಸಿದವನು ಅವನು. ಎತ್ತರದ ನಿಲುವು, ರಾತ್ರಿಯೆಲ್ಲ ಮಾತು, ಸುತ್ತಲಿನವರ ಶಕ್ತಿಯನ್ನೆಲ್ಲ ತನ್ನ ಕಡೆಗೇ ಸೆಳೆದುಕೊಳ್ಳುವ ಧಣಿ. ಇರ್ವಿಂಗನೇ ಡ್ರಾಕುಲಾನಿಗೆ ಮಾದರಿ ಎಂದು ಬಹಳ ವಿಮರ್ಶಕರು ಹೇಳುತ್ತಾರೆ. ಕಾದಂಬರಿ ಹೊರಬರುವ ಎಂಟು ದಿನ ಮುಂಚೆ, 1897ರ ಮೇ 18ರಂದು, ಹಕ್ಕು ಕಾಯ್ದುಕೊಳ್ಳಲು ಅದೇ ಲೈಸಿಯಂನಲ್ಲಿ ಅದರ ನಾಟಕರೂಪ ಓದಿಸಲಾಯಿತು. ಆದರೆ ಇರ್ವಿಂಗ್ ಆ ಪಾತ್ರವನ್ನು ಎಂದೂ ಆಡಲಿಲ್ಲ.

ಲೈಸಿಯಂನ ಔತಣಗಳಿಗೆ ಬರುತ್ತಿದ್ದವರಲ್ಲಿ ರಿಚರ್ಡ್ ಬರ್ಟನ್ ಒಬ್ಬ. ನಮ್ಮ ಬೇತಾಳನ 25 ಕತೆಗಳಲ್ಲಿ 11ನ್ನು 1870ರಲ್ಲಿ ಇಂಗ್ಲಿಷಿಗೆ ಒಗ್ಗಿಸಿ, ಬೇತಾಳನನ್ನು ವ್ಯಾಂಪೈರ್ ಎಂದು ಕರೆದವನು. ಮಾತಾಡುವಾಗ ಬರ್ಟನ್ನನ ಮೇಲ್ದುಟಿ ಮೇಲೆದ್ದು ಕೋರೆಹಲ್ಲು ಪೂರ್ತಿ ಕಾಣುತ್ತಿದ್ದದ್ದನ್ನು ಸ್ಟೋಕರ್ 1906ರ ನೆನಪಿನ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಧಣಿಗಳ ಮೇಜಿನ ತುದಿಯಲ್ಲಿ ಕೂತವನು ಹಲ್ಲನ್ನೂ ಬಿಡದೆ ನೋಡುತ್ತಿದ್ದ.

2018ರಲ್ಲಿ ಹುಡುಕಾಟಕ್ಕೆ ಇನ್ನೊಂದು ಫಲ ಸಿಕ್ಕಿತು. ಅಷ್ಟರಲ್ಲಿ ಟಿಪ್ಪಣಿಗಳ ಮುದ್ರಿತ ಆವೃತ್ತಿ ಬಂದಿತ್ತು. ಲಂಡನ್ ಲೈಬ್ರರಿಯ ಫಿಲಿಪ್ ಸ್ಪೆಡಿಂಗ್ ಅದನ್ನು ಕೈಯಲ್ಲಿ ಹಿಡಿದು, ಸ್ಟೋಕರ್ ಉಲ್ಲೇಖಿಸಿದ ಪುಸ್ತಕಗಳನ್ನು ತಮ್ಮ ಕಪಾಟುಗಳಲ್ಲಿ ಹುಡುಕಿದರು. 26 ಪುಸ್ತಕಗಳ ಅಂಚಿನಲ್ಲಿ ಪೆನ್ಸಿಲ್ ಗೀಟು, ಗುರುತು. ಸಾಲಿಗೆ ಸಾಲು ಟಿಪ್ಪಣಿಗಳಿಗೆ ತಾಳೆಯಾದವು. ತೋಳಮಾನವರ ಪುಸ್ತಕ, ಕಾರ್ಪೇಥಿಯನ್ ಬೆಟ್ಟಗಳ ಪ್ರವಾಸಕಥನ ಅವುಗಳಲ್ಲಿದ್ದವು. ಟ್ರಾನ್ಸಿಲ್ವೇನಿಯಾದ ನೆಲವನ್ನೇ ಮೆಟ್ಟದವನು ಅಲ್ಲಿಯ ಕಣಿವೆಗಳನ್ನು ಕೆಲಸದ ನಡುವೆ ಕದ್ದ ಹೊತ್ತಿನಲ್ಲಿ ಓದಿಯೇ ಕಟ್ಟಿದ್ದ.

ನಂತರ ಬಂದವರು ಪಿಶಾಚಿಯ ದೊರೆತನವನ್ನು ಇನ್ನಷ್ಟು ಮೆರುಗಿಸಿದರು. ಕಾದಂಬರಿಯ ಡ್ರಾಕುಲಾ ಮೀಸೆಯ ಮುದುಕ, ಹಗಲಲ್ಲೇ ಲಂಡನ್ನಿನಲ್ಲಿ ಓಡಾಡುತ್ತಾನೆ. ಬಿಸಿಲಿಗೆ ಕರಗುವುದು 1922ರ ಜರ್ಮನ್ ಚಿತ್ರ 'ನೊಸ್ಫೆರಾಟು' ಕಟ್ಟಿದ್ದು. ಫ್ಲಾರೆನ್ಸ್ ದಾವೆ ಹೂಡಿ ಅದರ ಪ್ರತಿಗಳನ್ನೆಲ್ಲ ನಾಶಮಾಡುವ ಆದೇಶ ತಂದರೂ ಕೆಲವು ಉಳಿದವು. 1924ರಲ್ಲಿ ಹ್ಯಾಮಿಲ್ಟನ್ ಡೀನ್ ಡ್ರಾಕುಲಾನಿಗೆ ಔತಣದ ಉಡುಪು ತೊಡಿಸಿ ರಂಗಕ್ಕೆ ತಂದ. ನೆಟ್ಟಗೆ ನಿಲ್ಲುವ ಆ ದೊಡ್ಡ ಕಾಲರಿನ ಗುಟ್ಟು ಇಷ್ಟೇ: ಪ್ರೇಕ್ಷಕರಿಗೆ ಬೆನ್ನು ತಿರುಗಿಸಿ ನಿಂತ ನಟನ ತಲೆ ಅದರ ಹಿಂದೆ ಮರೆಯಾಗುತ್ತದೆ, ಅವನು ನೆಲದ ಕಿಂಡಿಯಿಂದ ಜಾರಿಕೊಂಡರೆ ಉಳಿದವರ ಕೈಯಲ್ಲಿ ಬರೀ ನಿಲುವಂಗಿ. 1931ರ ಸಿನಿಮಾದಲ್ಲಿ ಬೆಲಾ ಲುಗೋಸಿ ನಿಲುವಂಗಿ ತೊಟ್ಟು ಬಂದಮೇಲೆ ರಂಗದ ಆ ಉಡುಪೇ ರಾಜಲಾಂಛನವಾಯಿತು.

ನಮ್ಮಲ್ಲಿ ಇಂಥ ದೊರೆ ಹುಟ್ಟಲಿಲ್ಲ. 'ಚಂದಮಾಮ'ದಲ್ಲಿ ಬೇತಾಳನ ಕತೆಗಳಿಗೆ ಶಂಕರ್ ಬರೆದ ಚಿತ್ರ ನೆನೆಯಿರಿ: ಕತ್ತಿ ಹಿಡಿದ ರಾಜ, ಅವನ ಹೆಗಲ ಮೇಲೆ ಹೆಣ. ನಮ್ಮಲ್ಲಿ ದೊರೆಯೇ ಹೆಣದ ಹಮಾಲಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ರಾತ್ರಿ ಬಾಗಿಲು ಬಡಿಯುತ್ತದೆಂದು ಹೆದರಿಸಿದ ದೆವ್ವವೂ ಯಾವ ಅರಮನೆಯದಲ್ಲ. ಡ್ರಾಕುಲಾನಂತೆ ಅದಕ್ಕೂ ಹೊಸ್ತಿಲಲ್ಲೇ ತಡೆಯಿತ್ತು. ನಮ್ಮವರು ಶಿಲುಬೆ ಹುಡುಕಲಿಲ್ಲ. 'ಇಂದು ನಗದು, ನಾಳೆ ಉದ್ರಿ' ಎಂದು ಅಂಗಡಿಯಲ್ಲಿ ಬೋರ್ಡು ಹಾಕಿದಂತೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ಮಲಗಿದರು.

ಧಣಿಗಳಿಗೆ ನಮ್ಮಲ್ಲೇನು ಬರವೇ? ಅಕ್ಕಿಪೇಟೆಯ ಮಂಡಿಯಲ್ಲಿ ಮೂಟೆ ಹೊರುವವನು 'ರಕ್ತ ಹೀರ್ತಾನೆ' ಎಂದರೆ ಯಾರೂ ಗೋರಿ ಹುಡುಕುವುದಿಲ್ಲ, ಬಡ್ಡಿ ಸಾಹುಕಾರ ಯಾರೆಂದು ಕೇಳುತ್ತಾರೆ. ಶಿವರಾಮ ಕಾರಂತರು 1933ರ 'ಚೋಮನ ದುಡಿ'ಯಲ್ಲಿ ತೀರದ ಸಾಲ ಒಂದು ಸಂಸಾರವನ್ನು ಹೀರಿದ್ದನ್ನು ಬರೆಯಲು ಕೋರೆಹಲ್ಲಿನ ಹಂಗು ಬೇಕಾಗಲಿಲ್ಲ. ಪಾಲಿಡೊರಿಗೂ ಸ್ಟೋಕರನಿಗೂ ಆ ಸೌಕರ್ಯವಿರಲಿಲ್ಲ. ಉಣ್ಣುವ ಅನ್ನ ಧಣಿಯದಾಗಿದ್ದರಿಂದ, ಕಂಡದ್ದನ್ನು ಹೇಳಲು ಅವರಿಗೆ ಒಂದು ಪಿಶಾಚಿ ಬೇಕಿತ್ತು.